ಇಂಜಿನ್ನಿನ ಭುಜ

ದೇಶದ ಪರವಾಗಿ ಆಡುವ ಆ ಆರು ಹೆಣ್ಣುಮಕ್ಕಳಲ್ಲಿ ಐವರಿಗೆ ಕಣ್ಣು ಕಾಣದು. ಆರನೆಯವಳಿಗೆ ಮಾತ್ರ ಮಂಜಿನೊಳಗಿನ ದೀಪದಷ್ಟು ಬೆಳಕಿತ್ತು. ಆಟದಲ್ಲಿ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅಲ್ಲಿ ಎಲ್ಲರ ಕಣ್ಣಿಗೂ ಪಟ್ಟಿ, ಗೆಜ್ಜೆ ತುಂಬಿದ ಚೆಂಡು ಗೋಲಿನತ್ತ ಉರುಳುವ ಸದ್ದು ಕೇಳಿಯೇ ಅದಕ್ಕೆ ಅಡ್ಡ ಬೀಳಬೇಕು. ಆದರೆ ಅಂಗಳದ ಹೊರಗೆ ಅವಳದೇ ದರ್ಬಾರು. ಒಬ್ಬರ ಭುಜದ ಮೇಲೆ ಇನ್ನೊಬ್ಬರು ಕೈಯಿಟ್ಟು ಸಾಲಾಗಿ ಹೊರಟರೆ ಮುಂದೆ ಅವಳು. ಅದಕ್ಕೇ ಅವಳ ಹೆಸರು ಇಂಜಿನ್. ಮನೆಯಲ್ಲಿ ಅಮ್ಮ ಇಂದಿಗೂ ಕೈಬಿಡದೆ ನಡೆಸುವ ಹುಡುಗಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ?

ಆ ಬೆಳಕು ಕಳೆದ ತಿಂಗಳು ಹೇಳದೆ ಕೇಳದೆ ಹೊರಟುಹೋಯಿತು. ಇಂಜಿನ್ ತುಟಿ ಪಿಟಕ್ಕೆನ್ನಲಿಲ್ಲ. ಗೊತ್ತಾದರೆ ಸಾಲಿನ ಕೊನೆಗೆ ಹಾಕಿಬಿಡುತ್ತಾರೆಂಬ ಹೆದರಿಕೆ. ಹೆಜ್ಜೆ ಎಣಿಸಿ, ಗೋಡೆ ಸವರಿ, ಎಲ್ಲ ಕಾಣುವವಳ ಠೀವಿಯಿಂದ ನಡೆದಳು.

ಫೈನಲ್ ದಿನ ಬೆಳಿಗ್ಗೆ, ತಂಗಿದ್ದ ಹಾಸ್ಟೆಲಿನಿಂದ ಪಕ್ಕದ ಅಂಗಳಕ್ಕೆ ಸಾಲು ಹೊರಟಾಗ, ನೆಲ ಒರೆಸುವವರ ಬಕೆಟ್ ಎಡವಿ ಎಣಿಕೆ ತಪ್ಪಿತು. ಒಂದು ತಿರುವು ಮೊದಲೇ ಹೊರಳಿ ಬಾಗಿಲು ತಳ್ಳಿದಳು. ಒಳಗೆ ಎಂಥ ಮೌನವೆಂದರೆ, ಹೆಜ್ಜೆಯ ಸದ್ದೂ ಹತ್ತಿಯಲ್ಲಿ ಇಳಿದುಹೋದ ಹಾಗೆ. ಚೆಂಡಿನ ಸದ್ದು ಕೇಳಬೇಕೆಂದು ಈ ಆಟ ನೋಡುವವರು ಕೆಮ್ಮುವಂತೆಯೂ ಇಲ್ಲವಲ್ಲ. ಸಾವಿರ ಜನ ಉಸಿರು ಬಿಗಿಹಿಡಿದು ಕೂತಿದ್ದಾರೆಂದೇ ಆರೂ ಜನ ನಂಬಿದರು. ಕನಸಿನೊಳಗೆ ನಿಂತವರಂತೆ ನಿಂತರು. ಒಬ್ಬಳಂತೂ ಆ ಜನಸಾಗರಕ್ಕೆ ಕೈ ಬೀಸಿದಳು.

ಇಂಜಿನ್ನಿನ ಬೆನ್ನಹಿಂದಿದ್ದ ಕ್ಯಾಪ್ಟನ್ ಅಕ್ಕ ಮಂಡಿಯೂರಿ ನೆಲ ತಡವಿದಳು. ಅಂಗಳದ ಗೆರೆ ತಿಳಿಯಲೆಂದು ಟೇಪಿನಡಿ ಹಾಕುವ ಹುರಿ ಬೆರಳಿಗೆ ಸಿಗಲಿಲ್ಲ. ಸಿಕ್ಕಿದ್ದು ಕಂಬಳಿ. ಅದರ ಮೇಲೆ ಕಂಬಳಿ, ಎದ್ದು ಕೈಯೆತ್ತಿದರೂ ಕಂಬಳಿ.

"ಲೇ ಇಂಜಿನ್, ನಮ್ಮನ್ನ ಕಂಬಳಿ ಕೋಣೆಗೆ ತಂದು ನಿಲ್ಲಿಸಿದೀಯಲ್ಲೇ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಜಿನ್ ಅತ್ತುಬಿಟ್ಟಳು.

"ನಂಗೇನೂ ಕಾಣಿಸ್ತಿಲ್ಲಕ್ಕ. ತಿಂಗಳಾಯ್ತು."

"ಗೊತ್ತು ಕಣೆ. ನಿನ್ನ ಭುಜ ನನ್ನ ಕೈಯಲ್ಲೇ ಇರುತ್ತಲ್ಲ. ಮೊದಲು ಬಾಗಿಲು ಬರೋಕ್ಕೆ ಮುಂಚೇನೇ ತಿರುಗ್ತಿತ್ತು. ಈಗ ಗೋಡೆ ತಾಗಿದ್ಮೇಲೆ ತಿರುಗುತ್ತೆ. ಇವರಿಗೂ ಗೊತ್ತು."

"ಗೊತ್ತಿದ್ದೂ ಹಿಂದೆ ಬಂದ್ರಾ?"

"ತಿಂಗಳಲ್ಲಿ ಒಂದೇ ಒಂದ್ಸಲ ತಪ್ಪಿದೀಯ. ಕಣ್ಣಿದ್ದಾಗ ಇದಕ್ಕಿಂತ ಹೆಚ್ಚು ಎಡವಿಸ್ತಿದ್ದೆ."

ಇಂಜಿನ್‌ಗೆ ಸಮಾಧಾನವಾಗಲಿಲ್ಲ. ಮೂಗೊರೆಸಿಕೊಂಡು, ಒಬ್ಬೊಬ್ಬರ ತೋಳು ಮುಟ್ಟುತ್ತ ಸರಿದು, ಸಾಲಿನ ಕೊನೆಯಲ್ಲಿ, ಬಾಗಿಲ ಬಳಿ ಹೋಗಿ ನಿಂತಳು. ಆ ಜಾಗವೇ ಇನ್ನು ತನಗೆ ಎಂದುಕೊಂಡಳು.

ಬಟ್ಟೆಯ ಸರಸರ ಸದ್ದು ಕೇಳಿಸಿತು. ಐವರೂ ನಿಂತಲ್ಲೇ ಹಿಂದಕ್ಕೆ ತಿರುಗಿದ್ದರು. ಅವಳ ಭುಜದ ಮೇಲೆ ಒಂದು ಕೈ ಬಂದು ಕೂತಿತು.

"ಬಾಗಿಲಿರೋದು ಆ ಕಡೇನೇ ತಾನೆ?" ಎಂದಳು ಅಕ್ಕ ಈಗ ಕೊನೆಯಾದ ತುದಿಯಿಂದ. "ಹೊತ್ತಾಯ್ತು, ನಡಿ. ಈ ಸಲ ಜೋರಾಗಿ ಎಣಿಸು."

"ಒಂದು," ಎಂದಳು ಇಂಜಿನ್.