ಎಡಕ್ಕೆ ವಾಲಿದ ಮೂರನೇ ನಂಬರ್

ನಾನು ಒಂದು ಗೇಮ್ ಕಂಟ್ರೋಲರ್. ಹುಟ್ಟಿದ್ದು ದೂರದೇಶದ ಕಾರ್ಖಾನೆಯಲ್ಲಿ. ಹೆಬ್ಬೆರಳಿನಿಂದ ತಿರುಗಿಸುವ ನನ್ನ ಎರಡು ಸ್ಟಿಕ್ಕುಗಳನ್ನು ಕೂರಿಸಿದವಳ ಬೆರಳುಗಳಷ್ಟೇ ನೆನಪಿವೆ, ಮುಖವಿಲ್ಲ. ಪೆಟ್ಟಿಗೆ ತೆರೆದಾಗ ಹುಬ್ಬಳ್ಳಿಯಲ್ಲಿದ್ದೆ, ಸೈಕಲ್ ಅಂಗಡಿಯ ಮೇಲಿನ ಕಲ್ಲಣ್ಣನ ಗೇಮ್ ಪಾರ್ಲರಿನಲ್ಲಿ. ಆತ ನನ್ನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಮೂರು ಎಂದು ಬರೆದ. ಅದೇ ನನ್ನ ಹೆಸರಾಯಿತು.

ಅಲ್ಲೊಂದು ಕಟ್ಟಳೆಯಿತ್ತು. ಆಟವನ್ನು ಪೂರ್ತಿ ಮುಗಿಸಿದವರು ಮಾತ್ರ ಗೋಡೆಯ ರಟ್ಟಿನ ಮೇಲೆ ಅಭಿಪ್ರಾಯ ಬರೆಯಬೇಕು. ‘ಕಗ್ಗೋಟೆ’ ಎಂಬ ಆಟದ ಬಗ್ಗೆ ಬರೆದವಳು ಡಿಪ್ಲೊಮಾ ಓದುವ ಕಸ್ತೂರಿ. ನನ್ನನ್ನು ಹಿಡಿಯುವ ಮುಂಚೆ ಅವಳು ಕೈ ಒರೆಸಿಕೊಳ್ಳುತ್ತಿದ್ದಳು. ಇಂಥ ಮರ್ಯಾದೆಗಳನ್ನು ನಾನು ಮರೆಯುವುದಿಲ್ಲ. ಅವಮಾನಗಳನ್ನಂತೂ ಮರೆಯುವುದೇ ಇಲ್ಲ.

ಆಮೇಲೆ ‘ಕಗ್ಗೋಟೆ ಎರಡು’ ಬಂತು. ಅದರಲ್ಲಿ ಗೋಡೆ ಹತ್ತಲು ಹಗ್ಗ, ಬಾಗಿಲು ಕಾಯುವ ಕುರುಡ ಸೇನಾಪತಿ, ಜೊತೆಗೆ ‘ಸಹಾಯ’ ಎಂಬ ಹೊಸ ಸೌಲಭ್ಯ: ಅದನ್ನು ಹಾಕಿಕೊಂಡರೆ ಬರುವ ಏಟುಗಳನ್ನು ಆಟವೇ ತಪ್ಪಿಸಿಕೊಡುತ್ತದೆ.

ಮೊದಲು ಕೂತವನು ವಿರೂಪಾಕ್ಷ, ಆಟಗಳ ಬಗ್ಗೆ ವಿಡಿಯೊ ಮಾಡುವವ. ಸೇನಾಪತಿ ಆರನೇ ಸಲ ಕೊಂದಾಗ ನನ್ನನ್ನು ಗೋಡೆಗೆ ಎಸೆದ. ಪಕ್ಕೆ ಬಿರಿಯಿತು. ನನ್ನ ಎಡ ಸ್ಟಿಕ್ಕು ಅಂದಿನಿಂದ ತಾನಾಗಿ ಎಡಕ್ಕೆ ವಾಲತೊಡಗಿತು. ನೋಡಿದವರು ಯಾರೂ ಇರಲಿಲ್ಲ; ಕಲ್ಲಣ್ಣ ಚಹಾ ಕುಡಿದು ಮೇಲೆ ಬರುವಷ್ಟರಲ್ಲಿ ಸುಳ್ಳು ಸಿದ್ಧವಾಗಿತ್ತು.

“ಕಸ್ತೂರಿ ಕೈಯಾಗಿಂದ ಬಿತ್ತಣ್ಣಾ. ಅಕಿ ಈಗ ಹ್ವಾದ್ಲು.”

ಮರುದಿನ ಅವಳು “ನಾ ಮುಟ್ಟೇ ಇಲ್ಲಣ್ಣಾ” ಎಂದಳು. ಕಲ್ಲಣ್ಣ ನಂಬಲಿಲ್ಲ. ಹೊಸ ಆಟ ಅವಳಿಗೆ ಬಂದ್. ಮೂಲೆಯ ಹಳೆಯ ಮಷೀನೇ ಗತಿ. ನನಗೆ ಬಾಯಿಯಿಲ್ಲ. ನಡುಗುವುದೊಂದೇ ಗೊತ್ತು, ಅದನ್ನೂ ಆಟ ಹೇಳಿದಾಗಲೇ ಮಾಡಬೇಕು.

ನಾಲ್ಕು ದಿನಗಳಲ್ಲಿ ವಿರೂ ಆಟ ಮುಗಿಸಿದ. ಹೇಗೆಂದು ನನಗೆ ಗೊತ್ತು: ಏಟು ತಪ್ಪಿಸಿಕೊಳ್ಳುವ ಗುಂಡಿಯನ್ನು ಅವನ ಹೆಬ್ಬೆರಳು ಒಮ್ಮೆಯೂ ಮುಟ್ಟಲಿಲ್ಲ. ರಟ್ಟಿನ ಮೇಲೆ ಮಾತ್ರ, ‘ಸಪ್ಪೆ. ಬಾಲವಾಡಿ ಮಕ್ಕಳ ಆಟ. ಹಗ್ಗ ದಂಡ’ ಎಂದು ಬರೆದ.

ಕಸ್ತೂರಿ ಅದನ್ನು ಎರಡು ಸಲ ಓದಿದಳು. “ಸೇನಾಪತಿನೂ ಸಪ್ಪೇನ?”

“ನಿದ್ದಿಗಣ್ಣಾಗ ಹೊಡೀತೀನಿ. ನೀ ಮೂಲ್ಯಾಗ ಕುಂತು ಕಾರ್ ಓಡಸು ಹೋಗವಾ.”

“ಹಂಗಾರ ಸಹಾಯ ತಗದು, ಎಲ್ಲಾರ ಮುಂದ ಹೊಡಿ ನೋಡೂಣು.”

ಭಾನುವಾರ ಪಾರ್ಲರ್ ತುಂಬಿತು. ವಿರೂ ಮೊಬೈಲ್ ನಿಲ್ಲಿಸಿ ಲೈವ್ ಹಾಕಿದ. ಕಲ್ಲಣ್ಣ ತಾನೇ ‘ಸಹಾಯ’ ತೆಗೆದು ನನ್ನನ್ನು ಅವನ ಕೈಗಿಟ್ಟ. “ಇದರಿಂದನ ಮುಗಿಸಿಯಲ್ಲ, ತಗೋ.”

ಮುರಿದದ್ದರಿಂದ ವಾಲುವುದು ಬೇರೆ, ಬೇಕೆಂದೇ ವಾಲುವುದು ಬೇರೆ. ಅಂದು ನಾನು ಎರಡನ್ನೂ ಮಾಡಿದೆ. ಅವನು ಬಲಕ್ಕೆ ಸರಿದಾಗಲೆಲ್ಲ ಗೇಣಷ್ಟು ಎಡಕ್ಕೆ ಎಳೆದೆ, ನೇರವಾಗಿ ಕತ್ತಿಯ ಕೆಳಗೆ. ಹನ್ನೊಂದು ಸಲ ಸತ್ತ. ಪ್ರತಿ ಸಾವಿಗೂ ನಾನು ನಡುಗಬೇಕು. ಅಷ್ಟು ಸಂತೋಷದಿಂದ ಎಂದೂ ನಡುಗಿರಲಿಲ್ಲ.

ಹಿಂದಿನಿಂದ ಯಾರೋ ಕೇಳಿದರು: “ಬಾಲವಾಡಿ ಪಾಸ್ ಆಗೂದು ಯಾವಾಗಲೇ, ವಿರೂ?”

ಅವನ ಅಂಗೈ ಬೆವೆತಿತ್ತು. ನನ್ನನ್ನು ಎತ್ತಿ ಹಿಡಿದು ಕೂಗಿದ: “ತಪ್ಪು ನಂದಲ್ಲಲೇ, ಇದರದು! ಅವತ್ತ ಗ್ವಾಡಿಗೆ ಒಗದಾಗಿಂದ ಎಡಕ್ಕ ವಾಲಾಕ ಹತ್ತೇತಿ!”

ಲೈವ್ ಓಡುತ್ತಲೇ ಇತ್ತು.

“ಒಗದವರು ಯಾರಪಾ?” ಕಲ್ಲಣ್ಣ ಮೆಲ್ಲಗೆ ಕೇಳಿದ.

ವಿರೂ ಮೊಬೈಲ್ ಕಿತ್ತುಕೊಂಡು ಲೈವ್ ಆರಿಸಿದ. ಕಲ್ಲಣ್ಣ ರಟ್ಟಿನ ಮೇಲಿನ ಅವನ ಸಾಲನ್ನು ಕೆರೆದು ತೆಗೆದು, ಕಸ್ತೂರಿಯ ಕಡೆಗೆ ತಿರುಗಿದ. “ತಪ್ಪಾತವಾ. ಬಾ, ಕುಂದರು.”

ಅವಳು ನನ್ನ ವಾಲನ್ನು ಒಂದೇ ದಿನದಲ್ಲಿ ಅರಿತಳು. ಹೆಬ್ಬೆರಳನ್ನು ಸದಾ ತುಸು ಬಲಕ್ಕೆ ಒತ್ತಿ ಹಿಡಿದಳು. ಆಟ ಮುಗಿಸಲು ಮೂರು ವಾರ ಬೇಕಾಯಿತು. ನಂತರ ಬರೆದಳು: ‘ಬಹಳ ಕಠಿಣ. ಹಗ್ಗ ಚಲೋ ಐತಿ. ಸಹಾಯ ಬೇಕಾದವರು ತಗೊಳ್ಳಲಿ, ತಗೊಂಡದ್ದನ್ನ ಹೇಳಲಿ.’

ಈಗ ನಾನು ಬಿಡಿಭಾಗಗಳ ಡ್ರಾಯರಿನಲ್ಲಿದ್ದೇನೆ, ಅರ್ಧ ಖಾಲಿಯಾಗಿ. ವಯಸ್ಸಾದಂತೆ ಮನಸ್ಸು ಮಾಗುತ್ತದೆ ಎನ್ನುತ್ತಾರೆ; ನನ್ನನ್ನು ಜೋಡಿಸುವಾಗ ಆ ಭಾಗವನ್ನು ಹಾಕಿರಲಿಲ್ಲ. ವಿರೂ ಮತ್ತೆ ಬರತೊಡಗಿದ್ದಾನೆ, ಐದನೇ ನಂಬರಿನಲ್ಲಿ, ಈಗ ‘ಸಹಾಯ’ವಿಲ್ಲದೆ ಆಡುತ್ತಾನೆ. ಮೊನ್ನೆ ಅದರ ಗುಂಡಿಯೊಂದು ಸವೆದುಹೋಯಿತೆಂದು ಕಲ್ಲಣ್ಣ ನನ್ನದೊಂದನ್ನು ಬಿಚ್ಚಿ ಅದಕ್ಕೆ ಹಾಕಿದ.

ಏಟು ತಪ್ಪಿಸಿಕೊಳ್ಳುವ ಗುಂಡಿ.