ಕುರ್ಚಿಗೆ ನಾಲ್ಕನೆಯ ಹೆಗಲು

ಹಮಾಲ ಫಕೀರಪ್ಪನ ಬಲ ಹೆಗಲಿನ ಚರ್ಮ ದಡ್ಡುಗಟ್ಟಿ ಕಪ್ಪಾಗಿತ್ತು. ಹತ್ತಿಯ ಅಂಡಿಗೆ, ಮೂಟೆ ಹೊತ್ತು ಆದದ್ದಲ್ಲ, ಮುನಸಿಪಾಲ್ಟಿ ಅಧ್ಯಕ್ಷ ಕುಬೇರಪ್ಪನವರನ್ನು ಹೊತ್ತು ಆದದ್ದು. ಊರಿನ ಹೆಸರು ಹೇಳುವುದಿಲ್ಲ; ಹುಬ್ಬಳ್ಳಿಯಿಂದ ಟಾಂಗಾದಲ್ಲಿ ಒಂದು ತಾಸು. ಆಗಿನ್ನೂ ಬಿಳಿ ಕಲೆಕ್ಟರನ ಕಾಲ.

ಕುಬೇರಪ್ಪನವರು ಹತ್ತಿ ವ್ಯಾಪಾರದ ದೊಡ್ಡ ಸಾವಕಾರರು. ಅವರಿಗೆ ಸಿಹಿಮೂತ್ರ ರೋಗ, ಕಾಲು ಬಾತಿದ್ದವು. ಪೇಢೆ ಬಿಡಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಸಾವಕಾರರು ಡಾಕ್ಟರನ್ನೇ ಬಿಟ್ಟರು. ಜನಸೇವೆಯಲ್ಲಿ ದೇಹದ ಕಡೆ ನೋಡಲು ಪುರಸೊತ್ತಿಲ್ಲ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. ಸಭೆಯಲ್ಲಿ ಅವರಿಗೆ ನಿದ್ದೆ ಹತ್ತಿದರೆ ಗೊರಕೆಯನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಓಣಿಗೆ ಬರಬೇಕಿದ್ದ ನಲ್ಲಿ ಇಂಥ ಒಂದು ಗೊರಕೆಯಲ್ಲೇ ಬೇರೆ ಓಣಿಗೆ ಹೋಯಿತು.

ಸಭೆ ನಡೆಯುವುದು ಮಾಳಿಗೆಯ ಮೇಲೆ. ಕುರ್ಚಿಗೆ ಎರಡು ಬಿದಿರು ಕಟ್ಟಿ, ಮುನಸಿಪಾಲ್ಟಿಯ ನಾಲ್ವರು ಹಮಾಲರು ಅಧ್ಯಕ್ಷರನ್ನು ಏರಿಸಬೇಕು, ಇಳಿಸಬೇಕು. ಇದಕ್ಕೆ ಪಗಾರಿಲ್ಲ. ಇದು ಮರ್ಯಾದೆಯ ಕೆಲಸವಂತೆ.

ಅವತ್ತು ಮೆಟ್ಟಿಲಿನಲ್ಲಿ ಫಕೀರಪ್ಪನ ಕಾಲು ಹೊರಳಿ, ಮಂಡಿ ಕಲ್ಲಿಗೆ ಬಡಿಯಿತು. ಆದರೂ ಅವನು ಹೆಗಲು ಬಿಡಲಿಲ್ಲ. ಮೇಲೆ ಮುಟ್ಟಿಸಿದ ಮೇಲೆಯೇ ಬಾಗಿಲಲ್ಲಿ ಕುಸಿದು ಕುಳಿತ. ಅಲ್ಲೇ ಕಸ ಗುಡಿಸುತ್ತಿದ್ದ ಅವನ ಹೆಂಡತಿ ದಾನವ್ವ ಓಡಿ ಬಂದು ಮಂಡಿಗೆ ಬಟ್ಟೆ ಕಟ್ಟಿದಳು.

ಕುಬೇರಪ್ಪನವರು ನೋಡಿದರು.

"ಇಂವನ ಕಾಲಾಗ ಕಸುವಿಲ್ಲ. ಇಂಥವರನ್ನ ಇಟಗೊಂಡ್ರ ಜನರ ರೊಕ್ಕ ಹಾಳು. ನಾಳಿಂದ ಬರೂದು ಬ್ಯಾಡ."

ಇದನ್ನು ಹೇಳುವಾಗ ಅವರ ಎರಡೂ ಕಾಲು ದಿಂಬಿನ ಮೇಲಿದ್ದವು. ಒಬ್ಬ ಮೆಂಬರನೂ ನಗಲಿಲ್ಲ. ಎಲ್ಲರೂ ಕೈ ಎತ್ತಿದರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಕ್ಕಳಿಗೆ ಏನು ಹಾಕಲಿ ಎಂದು ದಾನವ್ವ ಕೇಳಿದ್ದಕ್ಕೆ, ಅರ್ಜಿ ಕೊಡು ಎಂದರು.

ಸಭೆ ಮುಗಿಯಿತು. ಇಳಿಸಿರಿ ಎಂದು ಹುಕುಂ ಆಯಿತು. ಉಳಿದ ಮೂವರು ಹಮಾಲರು ಕೈಕಟ್ಟಿ ನಿಂತರು. ಹಮಾಲರಲ್ಲಿ ಒಂದು ಕಟ್ಟು ಉಂಟು: ಹೊರೆ ಹೊರುವಾಗ ಬಿದ್ದವನಿಗೆ ನ್ಯಾಯ ಆಗುವತನಕ ಅವನ ಜಾಗಕ್ಕೆ ಬೇರೆಯವರು ಹೆಗಲು ಕೊಡುವಂತಿಲ್ಲ.

"ನಾಕನೇ ಹೆಗಲಿಲ್ರಿ ಸಾವಕಾರ್ರ," ಎಂದ ಅವರಲ್ಲಿ ಹಿರಿಯನಾದ ಬಡೇಸಾಬ. "ಫಕೀರಪ್ಪನ ನೌಕರಿ ತಿರುಗಿ ಕೊಡತೇನಿ ಅಂತ ಬರದು ಕೊಡ್ರಿ. ಕಾಲು ಮಾಯೂತನಕ ಪಗಾರಾನೂ ಕೊಡ್ರಿ. ಆಮ್ಯಾಲೆ ಇಳಸತೇವಿ."

ಪೇಟೆಯ ಹಮಾಲರನ್ನು ಕರೆಯಲು ಕಚೇರಿಯ ಸಿಪಾಯಿ ಓಡಿದ. ಸುದ್ದಿ ಅವನಿಗಿಂತ ಲಗೂ ಓಡಿತ್ತು. ಬೆಳ್ಳಿ ರೂಪಾಯಿ ತೋರಿಸಿದರೂ ಒಬ್ಬನೂ ಬರಲಿಲ್ಲ; ಸಿಪಾಯಿಯೂ ತಿರುಗಿ ಬರಲಿಲ್ಲ. ಮೆಂಬರುಗಳೇ ಒಂದು ಕೈ ಹಚ್ಚಬಹುದಿತ್ತು. ಆದರೆ ಅದೇನು ಮಾಯೆಯೋ, ಆ ಹೊತ್ತಿಗೆ ಇಡೀ ಆಡಳಿತಕ್ಕೇ ಸೊಂಟ ಹಿಡಿದುಕೊಂಡಿತು. ಒಬ್ಬೊಬ್ಬರೇ ಮೆಟ್ಟಿಲಿಳಿದು ಊಟಕ್ಕೆ ಹೋದರು.

ಕುಬೇರಪ್ಪನವರು ಗೋಡೆ ಹಿಡಿದು ಎದ್ದರು. ಬಾತ ಕಾಲು ಭಾರ ತಡೆಯಲಿಲ್ಲ. ಮತ್ತೆ ಕುಕ್ಕರಿಸಿ ಕುಳಿತರು. ಬೈದರು, ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಯಲು ಹೋಗುವವರು ಯಾರೂ ಉಳಿದಿರಲಿಲ್ಲ. ಕೊನೆಗೆ ದನಿ ಇಳಿಯಿತು.

"ತಿಳಕೊಳ್ರಿ. ನಾ ಜಡ್ಡಿನ ಮನಷ್ಯಾ ಅದೇನಿ. ನನ್ನ ಕೈಲೆ ಏನೂ ಆಗಂಗಿಲ್ಲ."

ದಾನವ್ವ ಗಂಡನ ಮಂಡಿಯ ಮೇಲಿಂದ ಕೈ ತೆಗೆಯದೆ ತಲೆ ಎತ್ತಿ ನೋಡಿದಳು.

"ಖರೇ ಅದರಿ ಸಾವಕಾರ್ರ. ಅದನ್ನೂ ಬರದು ಕೊಡ್ರಿ."

ಬಡೇಸಾಬ ಮೇಜಿನ ಮೇಲಿದ್ದ ಮಸಿ ದೌತಿಯನ್ನು ಅವರ ಮುಂದೆ ಸರಿಸಿದ.