ಎರಡು ತಂತಿಗಳ ಬೆಸುಗೆ

ನಮ್ಮವರು ಸತ್ತ ಮೇಲೆ ನಾಲ್ಕು ತಿಂಗಳು ಟ್ರ್ಯಾಕ್ಟರ್ ಟಾರ್ಪಾಲಿನ ಕೆಳಗೇ ಇತ್ತು. ತೊಂಬತ್ತೆಂಟರ ಜನವರಿಯಲ್ಲಿ ಮಾವ ನರಸಪ್ಪನವರು ಪೀಣ್ಯದಿಂದ ಈರೇಶ್ ಎಂಬ ಮೆಕ್ಯಾನಿಕ್ಕನ್ನು ನಮ್ಮೂರು ಮಾಕಳಿಗೆ ಕರೆತಂದರು. ಕಾರುಗಳಿಗೆ ರಿಮೋಟ್ ಲಾಕ್ ಕೂರಿಸುವವನು.

“ಜಗಲಿ ಮ್ಯಾಲಿಂದ ಒತ್ತುದ್ರೆ ಅಲ್ ಸ್ಟಾರ್ಟ್ ಆಗ್ಬೇಕು ಕಣಪ್ಪ. ಆ ಚಕ್ರದ ತಾವ ಇನ್ಯಾರೂ ನಿಂತ್ಕಬಾರ್ದು” ಎಂದರು ಮಾವ.

“ಟ್ರ್ಯಾಕ್ಟರಿಗೆ ಹಾಕ್ತಿರೋದು ಇದೇ ಫಸ್ಟು ಯಜಮಾನ್ರೇ. ದೆವ್ವ ಓಡಿಸ್ತದೆ ಅಂತಾರೆ ಊರವ್ರು, ನೋಡ್ತಿರಿ” ಎಂದು ಈರೇಶ್ ನಕ್ಕ. ಬೇರೆ ಯಾರೂ ನಗಲಿಲ್ಲ.

ಹತ್ತಿ ಕೂರಲು ಸೋಮಾರಿತನವಾಗಿ ನಮ್ಮವರು ಯಾವಾಗಲೂ ಹಿಂದಿನ ಚಕ್ರದ ಮುಂದೆ ನೆಲದಲ್ಲೇ ನಿಂತು, ಕೈ ಚಾಚಿ ಕೀ ತಿರುಗಿಸುತ್ತಿದ್ದರು. ನಮ್ಮ ಅಂಗಳ ಇಳಿಜಾರು. ಅವರು ಸಾಯುವ ಹಿಂದಿನ ಸಂಜೆ ಮೈದುನ ಮನು, ಗಾಡಿ ಜಾರದಿರಲೆಂದು, ಗೇರಿನಲ್ಲಿಟ್ಟು ಇಳಿದಿದ್ದ. ಬೆಳಿಗ್ಗೆ ಕೀ ತಿರುಗಿದ್ದೇ ಟ್ರ್ಯಾಕ್ಟರ್ ಅವರ ಮೇಲೆ ಹೋಯಿತು. ಅಂದಿನಿಂದ ಮಾವ ಮನುವಿನೊಂದಿಗೆ ಮಾತು ಬಿಟ್ಟರು. ಅವನು ಊಟದ ತಟ್ಟೆ ತೆಗೆದುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದ.

ಗೇರಿನಲ್ಲಿದ್ದರೆ ಆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲೇಬಾರದು. ಅದಕ್ಕೆಂದೇ ಗೇರ್ ಕಡ್ಡಿಯ ಬುಡದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದು ಕೆಟ್ಟು ಗಾಡಿ ಸ್ಟಾರ್ಟೇ ಆಗದಿದ್ದಾಗ “ಫಿಸಿಕ್ಸ್ ಎಮ್ಮೆಸ್ಸಿ ಅಲ್ವೇನೆ ನೀನು, ನೋಡು ಬಾ” ಎಂದು ನಮ್ಮವರು ನನ್ನನ್ನು ಕರೆದಿದ್ದರು. ಸ್ವಿಚ್ ಬಿಟ್ಟು ಎರಡು ತಂತಿಗಳನ್ನು ನೇರ ಸೇರಿಸಿ ಬೆಸುಗೆ ಹಾಕಿದ್ದೆ. ಹತ್ತು ನಿಮಿಷದ ಕೆಲಸ. ಹೊಸ ಸ್ವಿಚ್ ತರುವವರೆಗೆ ಎಂದುಕೊಂಡಿದ್ದೆವು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಈರೇಶ್ ಅಲ್ಲಿಯ ತಗಡನ್ನೇ ಬಿಚ್ಚುತ್ತಿದ್ದ.

“ಇದೇನ್ರೀ, ಡೈರೆಕ್ಟ್ ಮಾಡ್ಬಿಟ್ಟವ್ರೆ! ಗೇರಲ್ಲಿದ್ರೂ ಎದ್ದು ಓಡ್ತದಲ್ರೀ ಇದು. ಆದ್ರೆ ಬೆಸುಗೆ ನೋಡಿ, ಎಷ್ಟು ನೀಟು. ನಮ್ ಹುಡುಗ್ರು ಹಲ್ಲಲ್ಲಿ ಕಚ್ಚಿ ತಿರುಚಿ ಬಿಡ್ತಾರೆ.”

ಮಾವ ಅತ್ತೆಯ ಕಡೆ ತಿರುಗಿದರು. “ಕೇಳುಸ್ಕಂಡಾ? ಇದೂ ನಿನ್ ಕಿರೀ ಮಗುಂದೇ ಕೆಲ್ಸ.”

ಮನು ನೆಲ ನೋಡಿದ. ಆ ದಿನ ಬೆಸುಗೆ ಕಡ್ಡಿಗೆ ಕಿಟಕಿಯಿಂದ ವೈರು ಎಳೆದುಕೊಟ್ಟವನು ಅವನೇ. ಅವನಿಗೆ ಎಲ್ಲ ಗೊತ್ತಿತ್ತು.

“ಮಾವ, ಅದು ನಾನ್ ಮಾಡಿದ್ದು” ಎಂದೆ.

“ಏನು?”

“ಸ್ವಿಚ್ ಕೆಟ್ಟಿತ್ತು. ಅವರು ಹೇಳಿದ್ರು, ನಾನ್ ಸೇರಿಸಿದೆ. ಹಂಗ್ ಮಾಡದೆ ಇದ್ದಿದ್ರೆ ಅವತ್ತು ಸ್ಟಾರ್ಟೇ ಆಗ್ತಿರ್ಲಿಲ್ಲ. ಮನುದು ತಪ್ಪಿಲ್ಲ.”

ಅತ್ತೆ ಕೈಯಲ್ಲಿದ್ದ ಕಾಫಿ ಲೋಟಗಳನ್ನು ನೆಲದ ಮೇಲಿಟ್ಟರು. ಈರೇಶ್ ಬೈಕಿನಲ್ಲಿ ಪೀಣ್ಯಕ್ಕೆ ಹೋಗಿ ಹೊಸ ಸ್ವಿಚ್ ತಂದ.

ಬೆಸುಗೆ ಕತ್ತರಿಸಿ, ಸ್ವಿಚ್ ಹಾಕಿ, ರಿಮೋಟಿನ ಡಬ್ಬಿ ಜೋಡಿಸಿದ. ನ್ಯೂಟ್ರಲ್‌ನಲ್ಲಿಟ್ಟು ಜಗಲಿಯಿಂದ ಒತ್ತಿದಾಗ ಟ್ರ್ಯಾಕ್ಟರ್ ಗುಡುಗಿತು. ಆ ಸದ್ದಿಗೆ ಅತ್ತೆ ಗೋಡೆ ಹಿಡಿದುಕೊಂಡರು. ಈರೇಶ್ ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬೇಕೆಂದೇ ಗೇರಿಗೆ ಹಾಕಿ ಬಂದ.

“ಈಗ ಒತ್ತಿ ಯಜಮಾನ್ರೇ. ಸ್ಟಾರ್ಟ್ ಆಗ್ಬಾರ್ದು.”

ಮಾವ ರಿಮೋಟನ್ನು ಮನುವಿನ ಕಡೆ ಚಾಚಿದರು. “ತಗಳ್ಲಾ. ನೀನ್ ಒತ್ತು.”

ನಾಲ್ಕು ತಿಂಗಳಲ್ಲಿ ಮೊದಲ ಮಾತು. ಮನು ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಟ್ರ್ಯಾಕ್ಟರ್ ಅಲ್ಲೇ ನಿಂತಿತ್ತು. ಅಷ್ಟು ಸುಲಭವಾಗಿ ನಿಂತಿತ್ತು.

ಮಧ್ಯಾಹ್ನ ಮನು ಅಪ್ಪನ ಪಕ್ಕ ಊಟಕ್ಕೆ ಕೂತ. ಅವರ ಊಟವಾದ ಮೇಲೆ ನಾನು ನನ್ನ ತಟ್ಟೆ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಅತ್ತೆ ಕರೆಯಲಿಲ್ಲ.